ಎಂಜಿನ್ನಿನ ನಾಡಿ

ನಾವು ದಿನನಿತ್ಯ ಬಳಸುವ ಮಾತುಗಳಲ್ಲಿ ‘ಮೇಷ್ಟ್ರು’ ಎಂಬುದೊಂದು, ‘ಮೇಸ್ತ್ರಿ’ ಎಂಬುದೊಂದು. ಮೊದಲನೆಯದು ಇಂಗ್ಲಿಷಿನ ‘ಮಾಸ್ಟರ್’ ಶಬ್ದದಿಂದ ಬಂದದ್ದು. ಎರಡನೆಯದು ಪೋರ್ಚುಗೀಸರ ‘ಮೆಸ್ತ್ರೆ’ಯಿಂದ. ಹಿಂದೆ ಹಿಂದೆ ಹೋದರೆ ಎರಡಕ್ಕೂ ಮೂಲ ಲ್ಯಾಟಿನ್ ಭಾಷೆಯ ‘ಮಾಗಿಸ್ಟರ್’ ಎಂಬ ಒಂದೇ ಪದ. ತರಗತಿಯಲ್ಲಿ ಇದನ್ನು ಹೇಳಿ ವಿದ್ಯಾರ್ಥಿಗಳ ಮುಖದಲ್ಲಿ ಮೂಡುವ ಬೆರಗನ್ನು ನೋಡುವುದು ನನ್ನ ಬಹುಕಾಲದ ಚಪಲ. ಆದರೆ ಒಂದೇ ತಾಯಿಯ ಮಕ್ಕಳಾದ ಈ ಇಬ್ಬರಲ್ಲಿ ಕಲಿಸತಕ್ಕವನು ಯಾರು, ಕಲಿಯತಕ್ಕವನು ಯಾರು ಎಂಬುದನ್ನು ನಾನು ನಿಜವಾಗಿ ಯೋಚಿಸಿದ್ದು ನಮ್ಮ ಮನೆಯ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ನನ್ನು ಇಳಿಸಿ ಏರಿಸಿದ ಮೇಲೆಯೇ.

ಆ ಕಾರು ನಮ್ಮ ಅಪ್ಪಯ್ಯನವರದು. ತೀರ್ಥಹಳ್ಳಿಯ ಸೀಮೆಯಲ್ಲಿ ಅವರು ಬಹಳ ವರ್ಷ ವೈದ್ಯರಾಗಿದ್ದರು. 1970ರ ದಶಕದ ಕೊನೆಯಲ್ಲಿ ಕೊಂಡ ಆ ಮಾರ್ಕ್ 3 ಅಂಬಾಸಿಡರಿನ ಹಿಂದಿನ ಆಸನದಲ್ಲಿ ಹೆರಿಗೆಯ ನೋವಿನ ಹೆಂಗಸರು ಮಲಗಿದ್ದಾರೆ. ಅಡಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನರಳಿದ್ದಾರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ ಆ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಅಪ್ಪಯ್ಯನವರಿಗೆ ಈಗ ಎಂಬತ್ತೆರಡು. ತಮ್ಮ ಕಾರಿನಲ್ಲಿಯೇ, ಮುಂದಿನ ಆಸನದಲ್ಲಿ ಕುಳಿತು, ಮತ್ತೊಮ್ಮೆ ಊರಿಗೆ ಹೋಗಿಬರಬೇಕೆಂಬುದು ಅವರ ಆಸೆ. ಎಂಜಿನ್ನೋ ಹೊಗೆ ಉಗುಳುತ್ತ, ಎಣ್ಣೆ ಕುಡಿಯುತ್ತ, ಏರಿನಲ್ಲಿ ಕಟಕಟನೆ ಹಲ್ಲು ಕಡಿಯುತ್ತ ಮೂಲೆ ಸೇರಿತ್ತು. ಶಿವಮೊಗ್ಗೆಯ ಒಬ್ಬ ಹಳೆಯ ಮೇಸ್ತ್ರಿಗಳಿಗೆ ಅದನ್ನು ಒಪ್ಪಿಸಿದೆ.

ಒಂದೂವರೆ ತಿಂಗಳು ಕೆಲಸ ನಡೆಯಿತು. ಸಿಲಿಂಡರುಗಳಿಗೆ ಬೋರಿಂಗ್ ಆಯಿತು. ಕ್ರ್ಯಾಂಕ್ ಶಾಫ್ಟನ್ನು ಉಜ್ಜಿ ಅದಕ್ಕೆ ತಕ್ಕ ಹೊಸ ಬೇರಿಂಗುಗಳನ್ನು ಕೂರಿಸಿದರು. ಪಿಸ್ಟನ್ನು, ರಿಂಗು, ವಾಲ್ವುಗಳೆಲ್ಲ ಹೊಸವು. ಆಗ ಮೌಲ್ಯಮಾಪನದ ಕಾಲ. ಉತ್ತರಪತ್ರಿಕೆಗಳ ರಾಶಿಯ ನಡುವೆ ಕುಳಿತಿದ್ದ ನನಗೆ ಮೇಸ್ತ್ರಿಗಳು ಎರಡು ಮೂರು ಸಲ ದೂರವಾಣಿ ಮಾಡಿ ಏನೇನೋ ಕೇಳಿದರು. “ಬೇಗ ಮುಗಿಸಿ, ಅಪ್ಪಯ್ಯ ಕಾಯುತ್ತಿದ್ದಾರೆ” ಎಂಬುದೇ ಹೆಚ್ಚುಕಡಿಮೆ ಎಲ್ಲಕ್ಕೂ ನನ್ನ ಉತ್ತರವಾಗಿತ್ತು. ಕಾರಿನ ಮೂಲ ಎಣ್ಣೆಗೇಜು ಕೆಟ್ಟು ಹದಿನೈದು ವರ್ಷಗಳೇ ಆಗಿದ್ದುದರಿಂದ ಅದರ ಬದಲು ಒಂದು ಸ್ವಿಚ್ಚನ್ನೂ ಕೆಂಪು ದೀಪವನ್ನೂ ಅಳವಡಿಸಿದರು. ಎಣ್ಣೆಯ ಒತ್ತಡ ತೀರ ಕುಗ್ಗಿದಾಗ ಆ ದೀಪ ಹೊತ್ತಿಕೊಳ್ಳಬೇಕು.

ಅದು ಹೊತ್ತಿಕೊಂಡದ್ದು ಮಂಡಗದ್ದೆಯಲ್ಲಿ. ತೀರ್ಥಹಳ್ಳಿಗೆ ಅರ್ಧ ದಾರಿ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಕುಳಿತ ಹಕ್ಕಿಗಳನ್ನು ಅಪ್ಪಯ್ಯ ನೋಡಲೆಂದು ರಸ್ತೆಯ ಪಕ್ಕ ನಿಲ್ಲಿಸಿದೆ, ಎಂಜಿನ್ನನ್ನು ಆರಿಸಿರಲಿಲ್ಲ. ಹೊಸ ಎಂಜಿನ್ನಿನ ಮೆಲುದನಿ ಕಿವಿಗೆ ಹಿತವಾಗಿತ್ತು. ಅಷ್ಟರಲ್ಲಿ ಆ ದೀಪ ಒಮ್ಮೆ ಮಿಣುಕಿತು, ಮತ್ತೊಮ್ಮೆ ಮಿಣುಕಿತು, ಬಳಿಕ ಉರಿಯುತ್ತಲೇ ನಿಂತಿತು. ಆಕ್ಸಲರೇಟರ್ ಒತ್ತಿದರೆ ಆರುತ್ತಿತ್ತು, ಕಾಲು ತೆಗೆದರೆ ಮತ್ತೆ ಹೊತ್ತುತ್ತಿತ್ತು. ಅಪ್ಪಯ್ಯ ಅದನ್ನು ನೋಡಿದರು, ನನ್ನನ್ನು ನೋಡಿದರು, “ಹಿಂದಕ್ಕೆ ತಿರುಗಿಸು” ಎಂದರು. ಆ ದಿನ ನಾವು ಊರು ಮುಟ್ಟಲಿಲ್ಲ.

ಮರುದಿನ ನಾನು ಗ್ಯಾರೇಜಿಗೆ ಹೋಗಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಇಷ್ಟು ಹಣ ತೆಗೆದುಕೊಂಡು ಮಾಡಿದ ಕೆಲಸ ಇದೇ ಏನು, ಅರ್ಧ ದಾರಿಯಲ್ಲಿ ಮುದುಕರನ್ನು ನಿಲ್ಲಿಸುವಂಥದು ಎಂದೆ. ಪಾನಾ ಹಿಡಿದು ನಿಂತಿದ್ದ ಮೂವರು ಹುಡುಗರು ಕೆಲಸ ಬಿಟ್ಟು ಕೇಳುತ್ತಿದ್ದರು. ತಮ್ಮ ಶಿಷ್ಯರ ಎದುರಿಗೆ ಅವಮಾನವಾಗುವುದು ಎಂಥದೆಂದು ಮೇಷ್ಟ್ರಾದ ನನಗೆ ತಿಳಿಯದ ಸಂಗತಿಯಲ್ಲ. ಮೇಸ್ತ್ರಿಗಳು ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡು ಇಷ್ಟೇ ಹೇಳಿದರು: “ಮೇಷ್ಟ್ರೇ, ದೀಪ ಉರೀತು ಅನ್ನೋದು ಗೊತ್ತಾಯ್ತು. ಯಾಕೆ ಉರೀತು ಅನ್ನೋದು ಇನ್ನೂ ಗೊತ್ತಾಗಿಲ್ಲ. ನೋಡೋಣ.”

ಮೊದಲು ಅವರು ಅನುಮಾನಿಸಿದ್ದು ದೀಪವನ್ನೇ. ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ ಚದರ ಅಂಗುಲಕ್ಕೆ 4ರಿಂದ 7 ಪೌಂಡಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಸ್ವಿಚ್ಚೇ ಕೆಟ್ಟಿದ್ದರೆ, ತಂತಿ ಎಲ್ಲಿಯಾದರೂ ಕಬ್ಬಿಣಕ್ಕೆ ತಾಗಿದ್ದರೆ, ಒತ್ತಡ ಸರಿಯಾಗಿದ್ದರೂ ದೀಪ ಉರಿಯುತ್ತದೆ. ಗ್ರಂಥಸಂಪಾದನೆಯ ಮೊದಲ ನಿಯಮವೂ ಇದೇ ಅಲ್ಲವೆ? ಕವಿ ತಪ್ಪಿದನೆನ್ನುವ ಮೊದಲು ಲಿಪಿಕಾರನು ತಪ್ಪಿದನೇ ಎಂದು ನೋಡಬೇಕು. ಅವರು ಸ್ವಿಚ್ಚನ್ನು ಬಿಚ್ಚಿ, ಆ ರಂಧ್ರಕ್ಕೆ ಮುಳ್ಳಿರುವ ಗೇಜೊಂದನ್ನು ಕೊಳವೆಯ ಮೂಲಕ ಜೋಡಿಸಿದರು. ಎಂಜಿನ್ ತಣ್ಣಗಿದ್ದಾಗ ಮುಳ್ಳು 50ಕ್ಕೆ ಏರಿತು. ಅರ್ಧ ಗಂಟೆ ಓಡಿಸಿ ಬಿಸಿಮಾಡಿ ತಂದಾಗ, ನಿಂತಲ್ಲೇ ತಿರುಗುವ ಎಂಜಿನ್ನಿನಲ್ಲಿ ಮುಳ್ಳು 4ರ ಮೇಲೆ ನಡುಗುತ್ತಿತ್ತು. ವೇಗ ಹೆಚ್ಚಿಸಿದರೆ 28. ಈ ಜಾತಿಯ 1489 ಘನ ಸೆಂಟಿಮೀಟರಿನ ಎಂಜಿನ್ನಿಗೆ ಓಡುವಾಗ ಸುಮಾರು 50, ಬಿಸಿಯಾಗಿ ನಿಂತು ತಿರುಗುವಾಗ 10ರಿಂದ 25 ಇರಬೇಕೆಂಬುದು ಗೊತ್ತಾದ ಲೆಕ್ಕ. ದೀಪ ಸುಳ್ಳು ಹೇಳಿರಲಿಲ್ಲ.

ಆಗ ನನಗೆ ತೋಚಿದ ಉಪಾಯವನ್ನು ಹೇಳಿದೆ: “ಇನ್ನಷ್ಟು ದಪ್ಪ ಎಣ್ಣೆ ಹಾಕಿದರೆ ಆಗದೇ?” ಮೇಸ್ತ್ರಿಗಳು ನಕ್ಕರು. “ದೀಪ ಆರತ್ತೆ ಮೇಷ್ಟ್ರೇ. ಎಂಜಿನ್ನಿನ ಬಾಯಾರಿಕೆ ಆರಲ್ಲ.”

ಆ ಮಾತಿನ ಅರ್ಥ ನನಗೆ ತಿಳಿಯಲು ಕೆಲವು ದಿನಗಳೇ ಬೇಕಾದವು. ಎಣ್ಣೆಯ ಒತ್ತಡವನ್ನು ಪಂಪು ಉಂಟುಮಾಡುತ್ತದೆ ಎಂದು ನಾನು ತಿಳಿದಿದ್ದೆ. ಅದು ಅರ್ಧ ಸತ್ಯ. ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೇ. ಕೆಳಗಿನ ತೊಟ್ಟಿಯಿಂದ, ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ‘ಚೇಂಬರು’, ಎಣ್ಣೆಯನ್ನು ಜಾಲರಿಯ ಮೂಲಕ ಹೀರಿ, ಸೋಸುಗವನ್ನು ದಾಟಿಸಿ, ಎಂಜಿನ್ನಿನ ಉದ್ದಕ್ಕೂ ಕೊರೆದ ದೊಡ್ಡ ಕಾಲುವೆಗೆ ನೂಕುತ್ತದೆ. ಅಲ್ಲಿಂದ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೆ, ಕ್ಯಾಮ್ ಶಾಫ್ಟಿನ ಬುಷ್‌ಗಳಿಗೆ, ಮೇಲೆ ರಾಕರುಗಳಿಗೆ ಎಣ್ಣೆ ಹಂಚಿಹೋಗುತ್ತದೆ. ಪ್ರತಿಯೊಂದು ಬೇರಿಂಗಿಗೂ ಅದರೊಳಗೆ ತಿರುಗುವ ಶಾಫ್ಟಿಗೂ ನಡುವೆ ಒಂದು ತೆಳು ಸಂದು ಇರುತ್ತದೆ. ಅಂಗುಲವನ್ನು ಸಾವಿರ ಮಾಡಿ ಅದರಲ್ಲಿ ಒಂದೆರಡು ಭಾಗ. ಎಣ್ಣೆ ಆ ಸಂದುಗಳಿಂದ ಹೊರಬಿದ್ದು ಮತ್ತೆ ತೊಟ್ಟಿಗೆ ಸೇರುತ್ತದೆ. ಸಂದು ಕಿರಿದಾಗಿದ್ದು ಎಣ್ಣೆ ಸುಲಭವಾಗಿ ತಪ್ಪಿಸಿಕೊಳ್ಳಲಾರದಾಗ ಹಿಂದೆ ಕಾಲುವೆಯಲ್ಲಿ ಒತ್ತಡ ನಿಲ್ಲುತ್ತದೆ. ಆದ್ದರಿಂದ ಗೇಜಿನ ಮುಳ್ಳು ಪಂಪಿನ ಶಕ್ತಿಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಸಂದುಗಳ ಬಿಗಿಯನ್ನು ಹೇಳುತ್ತದೆ. ತೋಟದ ಕಾಲುವೆಗೆ ಎಷ್ಟೇ ನೀರು ಬಿಟ್ಟರೂ ಬದುವಿನಲ್ಲಿ ಏಡಿ ಬಿಲ ಕೊರೆದಿದ್ದರೆ ಕೊನೆಯ ಸಾಲಿನ ಗಿಡಕ್ಕೆ ನೀರು ಮುಟ್ಟದೆಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಇಲ್ಲಿ ಇನ್ನೊಂದು ವಿಚಿತ್ರವುಂಟು. ಸಂದು ಎರಡರಷ್ಟಾದರೆ ಸೋರುವ ಎಣ್ಣೆ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಸಂದಿನ ಅಗಲದ ಘನಕ್ಕೆ ತಕ್ಕಂತೆ ಸೋರಿಕೆ ಬೆಳೆಯುವುದೆಂಬುದು ದ್ರವಶಾಸ್ತ್ರದ ನಿಯಮ. ಕಣ್ಣಿಗೆ ಕಾಣದಷ್ಟು ಸಣ್ಣ ಅಲಕ್ಷ್ಯಕ್ಕೆ ಅಷ್ಟು ದೊಡ್ಡ ದಂಡ! ಎಣ್ಣೆ ಬಿಸಿಯಾಗಿ ತೆಳುವಾದಂತೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಅದರಿಂದಲೇ ತಣ್ಣಗಿದ್ದಾಗ ಆರೋಗ್ಯವಂತನಂತೆ ತೋರಿದ ಎಂಜಿನ್ನು ಮಂಡಗದ್ದೆಯ ಹೊತ್ತಿಗೆ ಬಸವಳಿದದ್ದು.

ಹಾಗಾದರೆ ಒತ್ತಡ ಕುಗ್ಗಿದರೆ ಆಗುವುದೇನು? ಇದಕ್ಕೆ ಉತ್ತರವನ್ನು ಹುಡುಕುತ್ತ ನಾನು ಒಂದು ಸೊಗಸಾದ ಪ್ರಸಂಗವನ್ನು ಓದಿದೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಶಾಫ್ಟು ತಿರುಗತೊಡಗಿದಾಗ ಆ ತೂತಿನಿಂದ ಎಣ್ಣೆಯೇ ಮೇಲಕ್ಕೆ ಉಕ್ಕಿ ಬಂತು. ಬಿರಡೆ ಜಡಿದ, ಬಿರಡೆ ಎಗರಿಬಿತ್ತು. ಮರದ ಗೂಟ ಬಡಿದ, ಅದೂ ಹೊರಬಂತು. ಕೊನೆಗೆ ಗೇಜು ಜೋಡಿಸಿ ನೋಡಿದರೆ ಬೇರಿಂಗಿನ ಮೇಲಿದ್ದ ಸರಾಸರಿ ಭಾರದ ಎರಡರಷ್ಟಕ್ಕೂ ಮೀರಿದ ಒತ್ತಡ! ತಿರುಗುವ ಶಾಫ್ಟು ತನ್ನೊಡನೆ ಎಣ್ಣೆಯನ್ನು ಕಿರಿದಾದ ಸಂದಿಗೆ ಸೆಳೆದುಕೊಂಡು, ಆ ಎಣ್ಣೆಯ ಪೊರೆಯ ಮೇಲೆ ತಾನೇ ತೇಲುತ್ತದೆ ಎಂಬುದನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದ. ಎಂದರೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಪಂಪಿನ ಕೆಲಸ ಭಾರ ಹೊರುವುದಲ್ಲ. ಹೊರುವ ಪೊರೆ ಬತ್ತದಂತೆ ಎಣ್ಣೆಯನ್ನು ಒದಗಿಸುತ್ತಿರುವುದು. ಒದಗಿಸುವುದು ನಿಂತರೆ ಪೊರೆ ಹರಿಯುತ್ತದೆ, ಲೋಹ ಲೋಹವನ್ನು ಕಚ್ಚುತ್ತದೆ. ದಪ್ಪ ಎಣ್ಣೆ ಹಾಕಿದರೆ ಕಾಲುವೆಯಲ್ಲಿ ಒತ್ತಡ ಏರಿದಂತೆ ತೋರುವುದು ನಿಜ. ಆದರೆ ಬಿಲ ಹಾಗೆಯೇ ಉಳಿದಿರುತ್ತದೆ, ಮುಂಜಾನೆಯ ಚಳಿಯಲ್ಲಿ ಆ ಎಣ್ಣೆ ದೂರದ ಬೇರಿಂಗನ್ನು ತಲುಪಲು ತಡಮಾಡುತ್ತದೆ. ಮೇಸ್ತ್ರಿಗಳು ಹೇಳಿದ ಬಾಯಾರಿಕೆ ಇದೇ.

ಮುಂದಿನ ನಾಲ್ಕು ದಿನ ಅವರು ನಡೆಸಿದ ಶೋಧನೆಯನ್ನು ನಾನು ರಜೆ ಹಾಕಿ ಕುಳಿತು ನೋಡಿದೆ. ಅವರದು ಸುಲಭದಿಂದ ಕಠಿನಕ್ಕೆ, ಹೊರಗಿನಿಂದ ಒಳಕ್ಕೆ ಹೋಗುವ ಕ್ರಮ. ಮೊದಲು ಎಣ್ಣೆಯ ಮಟ್ಟ. ಬಳಿಕ ಎಣ್ಣೆಯ ಕಡ್ಡಿಯನ್ನು ಮೂಗಿಗೆ ಹಿಡಿದರು. ಪೆಟ್ರೋಲ್ ಬೆರೆತು ತೆಳುವಾಗಿದ್ದರೆ ವಾಸನೆಯೇ ಹೇಳುತ್ತದೆ. ಎರಡೂ ಸರಿಯಿದ್ದವು. ಅನಂತರ ಎಂಜಿನ್ನಿನ ಹಿಂಭಾಗದ ಪಕ್ಕದಲ್ಲಿರುವ ಗುಮ್ಮಟದಂಥ ನಟ್ಟನ್ನು ಬಿಚ್ಚಿ, ಒಳಗಿನ ಸ್ಪ್ರಿಂಗನ್ನೂ ಪುಟ್ಟ ವಾಲ್ವನ್ನೂ ಹೊರತೆಗೆದರು. ಒತ್ತಡ ಮಿತಿಮೀರಿದಾಗ ತೆರೆದುಕೊಂಡು ಹೆಚ್ಚಿನ ಎಣ್ಣೆಯನ್ನು ಹಿಂದಕ್ಕೆ ಬಿಡುವುದು ಅದರ ಕೆಲಸ. ಅದರ ಅಡಿಯಲ್ಲಿ ಕಸ ಸಿಕ್ಕಿಕೊಂಡರೆ ಬಾಗಿಲು ಮುಚ್ಚದು. ಕಸವಿರಲಿಲ್ಲ. ಒಬ್ಬ ಹುಡುಗ, “ಸ್ಪ್ರಿಂಗ್ ಹಿಂದೆ ಒಂದು ವಾಷರ್ ಕೊಟ್ಟರೆ ಪ್ರೆಷರ್ ಏರತ್ತಲ್ಲ?” ಎಂದ. ಮೇಸ್ತ್ರಿಗಳು ಅವನನ್ನು ಗದರಿಸಲಿಲ್ಲ. “ಸ್ಪ್ರಿಂಗು ಮೇಲಿನ ಮಿತಿ ಹೇಳೋದು ಮಾರಾಯ. ನಾಲ್ಕು ಪೌಂಡಿನಲ್ಲಿ ಈ ಬಾಗಿಲು ಮುಚ್ಚೇ ಇರತ್ತೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದರೆ ಏನು ಬಂತು?” ಎಂದರು. ಇಷ್ಟು ನಿಚ್ಚಳವಾದ ದೃಷ್ಟಾಂತವನ್ನು ನಾನು ಅಲಂಕಾರಶಾಸ್ತ್ರದ ಪಾಠದಲ್ಲಿ ಕೊಟ್ಟದ್ದುಂಟೋ ಇಲ್ಲವೋ!

ಎರಡನೆಯ ದಿನ ಚೇಂಬರು ಇಳಿಯಿತು. ಎಣ್ಣೆ ಹೀರುವ ಜಾಲರಿ ಶುದ್ಧವಾಗಿತ್ತು. ಅದರ ಜೋಡಣೆಯಲ್ಲಿ ಗಾಳಿ ಸೇರುವ ಬಿರುಕಿರಲಿಲ್ಲ. ಪಂಪಿನ ಮೇಲೆ ಉಕ್ಕಿನ ಪಟ್ಟಿಯಿಟ್ಟು, ಅದರಡಿಯಲ್ಲಿ ಫೀಲರ್ ಗೇಜಿನ ತೆಳು ಎಸಳುಗಳನ್ನು ತೂರಿಸಿ ಸವೆತವನ್ನು ಅಳೆದರು. ಪಂಪು ನಿರ್ದೋಷಿ. ಮೂರನೆಯ ದಿನ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳ ಸರದಿ. ಮೇಣದಂಥ ಸಣ್ಣ ದಾರವೊಂದನ್ನು ಶಾಫ್ಟಿನ ಮೇಲಿಟ್ಟು, ಬೇರಿಂಗಿನ ಮುಚ್ಚಳವನ್ನು ಸರಿಯಾದ ಬಿಗಿಗೆ ತಿರುಗಿಸಿ ಮತ್ತೆ ಬಿಚ್ಚಿದರು. ಸಂದು ಕಿರಿದಾದಷ್ಟೂ ದಾರ ಹೆಚ್ಚು ಚಪ್ಪಟೆಯಾಗಿ ಅಗಲವಾಗುತ್ತದೆ. ಆ ಅಗಲವನ್ನು ಜೊತೆಗೆ ಬಂದ ಕಾಗದದ ಅಳತೆಗೆ ಹೋಲಿಸಿದರೆ ಸಂದು ಎಷ್ಟೆಂದು ತಿಳಿಯುತ್ತದೆ. ಒಂದೂವರೆ, ಎರಡು, ಒಂದೂವರೆ. ಎಲ್ಲವೂ ಮಿತಿಯೊಳಗೇ ಇದ್ದವು. ಅವರ ಕೈಕೆಲಸ ಅಚ್ಚುಕಟ್ಟಾಗಿತ್ತು. ಒಂದೊಂದು ಅಳತೆ ಸರಿಬಂದಾಗಲೂ ಮೊದಲ ದಿನ ನಾನು ಆಡಿದ ಮಾತು ನನ್ನತ್ತ ಒಂದೊಂದು ಹೆಜ್ಜೆ ಹಿಂದಿರುಗುತ್ತಿತ್ತು.

ಅಂದು ರಾತ್ರಿ ಅಪ್ಪಯ್ಯನವರಿಗೆ ಇದನ್ನೆಲ್ಲ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿ, “ಏನೇನು ಬದಲಾಯಿಸಿದರು ಎಂದು ಹೇಳಿದೆ. ಏನನ್ನು ಬದಲಾಯಿಸಲಿಲ್ಲ ಎಂದು ಹೇಳಲಿಲ್ಲವಲ್ಲ. ರೋಗಿ ಹೇಳದೆ ಬಿಟ್ಟದ್ದನ್ನೇ ವೈದ್ಯ ಮೊದಲು ಕೇಳಬೇಕು ಮಗಾ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಾಲ್ಕನೆಯ ದಿನ ಮೇಸ್ತ್ರಿಗಳು ಅಡಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪೊಂದನ್ನು ತರಿಸಿದರು. ಅದನ್ನು ಡೀಸೆಲಿನಿಂದ ಮೂರು ಸಲ ತೊಳೆದು, ಒಳಗೆ ಎಂಜಿನ್ ಎಣ್ಣೆ ತುಂಬಿ, ಕೊಳವೆಯನ್ನು ಸ್ವಿಚ್ಚಿದ್ದ ರಂಧ್ರಕ್ಕೆ ಬಿಗಿದರು. ಚೇಂಬರಿಲ್ಲದ ಎಂಜಿನ್ನಿನ ಹೊಟ್ಟೆಯ ಕೆಳಗೆ ದೊಡ್ಡ ತಟ್ಟೆಯನ್ನಿಟ್ಟರು. “ಮೇಷ್ಟ್ರೇ, ಕೆಳಗೆ ಬನ್ನಿ. ಇವತ್ತು ಅದರ ಬಾಯಿಂದಲೇ ಕೇಳೋಣ” ಎಂದರು. ನಾನು ಗೋಣಿಯ ಮೇಲೆ ಅಂಗಾತ ಮಲಗಿ ಟಾರ್ಚು ಹಿಡಿದೆ. ಹುಡುಗ ಪಂಪು ಒತ್ತಿದ. ತಿರುಗದೆ ನಿಂತ ಎಂಜಿನ್ನಿನೊಳಕ್ಕೆ ಎಣ್ಣೆ ಹರಿಯಿತು. ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳ ಅಂಚಿನಲ್ಲಿ ಹನಿ ಮೂಡಿತು. ಜಡಿಮಳೆ ನಿಂತ ಮೇಲೆ ಹೆಂಚಿನ ತುದಿಯಿಂದ ತೊಟ್ಟಿಕ್ಕುವಂತೆ, ಒಂದೊಂದಾಗಿ, ಬಿಡುವು ಕೊಟ್ಟು. ಅದು ಆರೋಗ್ಯದ ಲಕ್ಷಣ. ಆದರೆ ಅದಕ್ಕೂ ಮೇಲೆ, ಕ್ಯಾಮ್ ಶಾಫ್ಟಿನ ನಡುವಣ ಬುಷ್ಷಿನ ಬಳಿ ಹನಿಯಿರಲಿಲ್ಲ, ಧಾರೆಯಿತ್ತು. ಹಿಂದಣ ಬುಷ್ಷಿನಲ್ಲಿಯೂ ಹಾಗೆಯೇ. ಪಂಪಿನ ಶ್ರಮವೆಲ್ಲ ಯಾರಿಗೂ ಬೇಡದ ಎರಡು ತೂಬುಗಳಲ್ಲಿ ಹರಿದುಹೋಗುತ್ತಿತ್ತು.

ಆ ಧಾರೆಯನ್ನು ನೋಡುತ್ತಿದ್ದಂತೆಯೇ ನನಗೆ ನೆನಪಾಯಿತು. ಉತ್ತರಪತ್ರಿಕೆಗಳ ನಡುವೆ ಬಂದ ಎರಡನೆಯ ಕರೆ. “ಮೇಷ್ಟ್ರೇ, ಕ್ಯಾಮ್ ಬುಷ್ ಸವೆದಿದೆ. ಹೊಸದು ಒತ್ತಿಸಿ ಒಂದೇ ಗೆರೆಗೆ ಸರಿಮಾಡಿಸಬೇಕು. ಇನ್ನೂ ಎಂಟು ಹತ್ತು ದಿನ ಹಿಡಿಯತ್ತೆ.” ನಾನು ಕೆಂಪು ಶಾಯಿಯ ಲೇಖನಿಯನ್ನು ಕೈಯಲ್ಲಿ ಹಿಡಿದೇ ಹೇಳಿದ್ದೆ: “ಹಳೆಯದೇ ಇರಲಿ ಬಿಡಿ.”

ಗೋಣಿಯಿಂದ ಎದ್ದು ಅವರ ಮುಖ ನೋಡಿದೆ. ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ಅವರ ನಾಲಗೆಯ ಮೇಲೆ ಬರಲಿಲ್ಲ. ಮೊದಲ ದಿನ, ಹುಡುಗರೆದುರಿಗೆ ನಾನು ಕೂಗಾಡಿದಾಗಲೂ ಬಂದಿರಲಿಲ್ಲ. ಅಂದು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. “ಬುಷ್ ಮೇಲೆ ಅನುಮಾನ ಇತ್ತು, ಗ್ಯಾರಂಟಿ ಇರಲಿಲ್ಲ. ನನ್ನ ಬೇರಿಂಗೇ ತಪ್ಪಿರಬಹುದಿತ್ತಲ್ಲ? ಅದನ್ನ ನೋಡದೆ ನಿಮ್ಮ ಮೇಲೆ ಹಾಕಿದರೆ ಹೆಂಗೆ?” ಎಂದು ಅವರು ಮತ್ತೆ ಪಾನಾ ಕೈಗೆತ್ತಿಕೊಂಡರು.

ಮನೆಗೆ ಬಂದು ಮೊದಲ ಸಲದ ಬಿಲ್ಲನ್ನು ಹುಡುಕಿ ತೆಗೆದೆ. ಎರಡು ಪುಟ, ಇಪ್ಪತ್ತಮೂರು ಸಾಲು. ನಾನು ಅಂದು ನೋಡಿದ್ದು ಕೊನೆಯ ಮೊತ್ತವನ್ನು ಮಾತ್ರ. ಹತ್ತೊಂಬತ್ತನೆಯ ಸಾಲಿನಲ್ಲಿ, ಹಣದ ಅಂಕಿಯಿರಬೇಕಾದಲ್ಲಿ ಒಂದು ಅಡ್ಡಗೆರೆ ಎಳೆದು, ಅವರ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: “ಕ್ಯಾಮ್ ಬುಷ್ ಹಾಕಿಲ್ಲ. ಪಾರ್ಟಿ ಬೇಡ ಅಂದರು.” ಓದುವುದನ್ನೇ ವೃತ್ತಿಯಾಗಿ ಮಾಡಿಕೊಂಡು, ಇಪ್ಪತ್ತು ವರ್ಷಗಳಿಂದ ‘ಪಠ್ಯವನ್ನು ಅಕ್ಷರ ಬಿಡದೆ ಓದಿ’ ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು.

ಮರುದಿನ ಗ್ಯಾರೇಜಿಗೆ ಹೋದಾಗ ಮೂವರು ಹುಡುಗರೂ ಇದ್ದರು. ತಪ್ಪು ನನ್ನದೆಂದು ಅವರೆದುರಿಗೇ ಹೇಳಿದೆ. ಕೂಗಾಡಿದ್ದು ಅವರೆದುರಿಗೆ ಆಗಿದ್ದರಿಂದ ಒಪ್ಪಿಕೊಳ್ಳುವುದೂ ಅಲ್ಲಿಯೇ ಆಗಬೇಕಿತ್ತು. ಮೇಸ್ತ್ರಿಗಳು ಮುಜುಗರಪಟ್ಟು ಟೀ ತರಲು ಒಬ್ಬ ಹುಡುಗನನ್ನು ಅಟ್ಟಿದರು.

ಎಂಜಿನ್ನು ಮತ್ತೆ ಇಳಿಯಿತು. ಮೂರು ಹೊಸ ಬುಷ್‌ಗಳನ್ನು ಒತ್ತಿ ಕೂರಿಸಿ, ಪ್ರತಿಯೊಂದರ ಎಣ್ಣೆಯ ರಂಧ್ರವೂ ಕಾಲುವೆಯ ರಂಧ್ರಕ್ಕೆ ನೇರವಾಗಿ ಬಂದಿದೆಯೇ ಎಂದು ತಂತಿ ತೂರಿಸಿ ನೋಡಿದರು. ಅದು ಕೂದಲೆಳೆಯಷ್ಟು ತಪ್ಪಿ ಮುಚ್ಚಿಕೊಂಡರೂ ಒಂದು ಬೇಗುದಿ ಹೋಗಿ ಇನ್ನೊಂದು ಬರುತ್ತದಂತೆ. ಈ ಸಲ ಮೊದಲು ಅಂದಿದ್ದ ಎಂಟು ಹತ್ತು ದಿನ ಹೋಗಿ ಮೂರು ವಾರ ಹಿಡಿಯಿತು. ನಾನು ಅವಸರ ಮಾಡಲಿಲ್ಲ. ಬಿಸಿ ಎಂಜಿನ್ನು ನಿಂತಲ್ಲೇ ತಿರುಗುವಾಗ ಈಗ ಮುಳ್ಳು 22ರಲ್ಲಿ ನಿಲ್ಲುತ್ತದೆ, ಓಡುವಾಗ 50. ಕೆಂಪು ದೀಪದ ಪಕ್ಕದಲ್ಲಿ ಆ ಗೇಜನ್ನು ಕಾಯಮ್ಮಾಗಿ ಕೂರಿಸಿಕೊಂಡಿದ್ದೇನೆ. ದೀಪ ಸಂಕಟ ಬಂದ ಮೇಲೆ ಕೂಗುತ್ತದೆ. ಗೇಜು ಅದು ಬರುತ್ತಿರುವಾಗಲೇ ಹೇಳುತ್ತದೆ.

ಅಪ್ಪಯ್ಯನವರೊಡನೆ ಊರಿಗೆ ಹೊರಟಾಗ ಮಂಡಗದ್ದೆಯಲ್ಲಿ ಮತ್ತೆ ನಿಲ್ಲಿಸಿದೆ. ಎಂಜಿನ್ನನ್ನು ಆರಿಸಲಿಲ್ಲ. ಹಕ್ಕಿಗಳ ಕಾಲ ಮುಗಿದು ನಡುಗಡ್ಡೆಯ ಮರಗಳು ಬರಿದಾಗಿದ್ದವು. ಅಪ್ಪಯ್ಯ ಹೊಳೆಯ ಕಡೆ ನೋಡಲೇ ಇಲ್ಲ. ಮುಳ್ಳನ್ನೇ ಒಂದು ನಿಮಿಷ ದಿಟ್ಟಿಸಿ, ರೋಗಿಯ ಕೈ ಬಿಡುವಾಗ ಮಾಡುತ್ತಿದ್ದಂತೆ ತಲೆಯಾಡಿಸಿ, “ಹೋಗೋಣ” ಎಂದರು.